ಬೂದ್ಯಾ ಹಗಲುಮನೆಗೆ ಹೋದ ದಿನ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಹೂಗಾರ ಸಂಗವ್ವ. ಮಾಗಿ ಮುಗಿಯುತ್ತ ಬಂದಿದ್ದ ಒಂದು ಇಳಿಹೊತ್ತಿನಲ್ಲಿ, ಕೆರೆಯಾಚೆಯ ಹಾಸುಬಂಡೆಯ ಮೇಲೆ, ಹದಿಮೂರು ಜನ ಕೇಳುಗರ ಎದುರು ಹೇಳಿದರು. ಕಥೆಯಲ್ಲಿ ಬರುವ ಮದುವೆ ಸಂಗವ್ವನ ಮಗಳದೇ. ಅದು ಆಗಿ ಅಷ್ಟುಹೊತ್ತಿಗೆ ಹನ್ನೊಂದು ವರ್ಷವಾಗಿತ್ತು. ಕಥೆಯ ಗಂಡಹೆಂಡಿರಿಗೆ ಎದುರುಮನೆಯವರಾದ ಕಾರಣ ಅರ್ಧದಷ್ಟನ್ನು ಅವರು ಕಣ್ಣಾರೆ ಕಂಡಿದ್ದರು. ಉಳಿದದ್ದನ್ನು ಬಟ್ಟೆ ಒಗೆಯುವ ಕಲ್ಲಿನ ಬಳಿ ಆ ಹೆಂಡತಿ ಕಾಶವ್ವನೇ ಅವರಿಗೆ ಹೇಳಿದ್ದಳು. ನಾನು ಇಲ್ಲಿ ಅವರ ಕ್ರಮವನ್ನೇ ಅನುಸರಿಸಿದ್ದೇನೆ.

ಆ ಊರಿನಲ್ಲಿ ಮನೆಯೊಳಗೆ ಕಥೆ ಹೇಳುವ ರೂಢಿಯಿಲ್ಲ. ಮನೆಯೊಳಗೆ ನಾಯಿಗಳಿರುತ್ತವೆ, ನಾಯಿಗಳು ಎಚ್ಚರದಲ್ಲಿ ಕೇಳಿದ್ದನ್ನು ನಿದ್ದೆಯಲ್ಲಿ ಆಡುತ್ತವೆ, ಆಡಿದವರ ದನಿಯಲ್ಲಿಯೇ ಆಡುತ್ತವೆ. ಹೊಸ ಮಾತು ಬಂದು ಕುಳಿತಂತೆ ಹಳೆಯ ಮಾತು ಜಾರಿಹೋಗುತ್ತದೆ. ಆದ್ದರಿಂದ ಅಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದ ಮೇಲೆ ಏಳುವುದಿಲ್ಲ. ಮನೆಯ ನಾಯಿ ಮಲಗುವವರೆಗೆ ಪಡಸಾಲೆಯಲ್ಲಿ ಕಾದು, ಆ ಮನೆಯವರು ತಮ್ಮತಮ್ಮಲ್ಲಿ ಹೇಗೆ ಮಾತಾಡುತ್ತಾರೆಂಬುದನ್ನು ಕೇಳಿಯೇ ಎದ್ದುಹೋಗುತ್ತಾರೆ. ಅಣ್ಣತಮ್ಮಂದಿರು ಜಗಳವಾಡಬೇಕಾದರೆ ಕೆರೆಯ ಏರಿಗೆ ಹೋಗುತ್ತಾರೆ. ಮಕ್ಕಳು ಮಗ್ಗಿ ಬಾಯಿಪಾಠ ಮಾಡಿದರೋ ಇಲ್ಲವೋ ಎಂಬುದನ್ನು ತಾಯಂದಿರು ಮಧ್ಯಾಹ್ನ ನಾಯಿಯ ಬಳಿ ಕುಳಿತು ತಿಳಿದುಕೊಳ್ಳುತ್ತಾರೆ.

ಹೂಗಾರ ಓಣಿಯಲ್ಲಿ ಅಡಿವೆಪ್ಪನೆಂಬ ದರ್ಜಿಯಿದ್ದ. ಬಜಾರಿನಲ್ಲಿ ಅಂಗಡಿ, ಓಣಿಯಲ್ಲಿ ಮೂರು ಅಂಕಣದ ಮನೆ. ಅವನ ಮೊದಲ ಹೆಂಡತಿ ನೀಲವ್ವ ಜ್ವರದಲ್ಲಿ ತೀರಿಕೊಂಡಳು. ಅವಳು ಸಾಕಿದ ಬೂದಿಬಣ್ಣದ ನಾಯಿ ಬೂದ್ಯಾ ಉಳಿಯಿತು. ಬೂದ್ಯಾನ ನಿದ್ದೆಯಲ್ಲಿ ನೀಲವ್ವನ ಮಾತು ಉಳಿದವು. ಒಂದು ವರ್ಷ ಕಳೆದ ಮೇಲೆ ಬಂಧುಗಳು ಹಟ ಹಿಡಿದು, ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡಿದ್ದ ಕಾಶವ್ವನೊಂದಿಗೆ ಅವನ ಮದುವೆ ಮಾಡಿಸಿದರು.

ಹೊಸ ಗಂಡಹೆಂಡಿರನ್ನು ಹೊಸಿಲಲ್ಲಿ ತಡೆದು, ಒಬ್ಬರ ಹೆಸರನ್ನೊಬ್ಬರು ಒಡಪಿನೊಳಗೆ ಪ್ರಾಸಗೂಡಿಸಿ ಹೇಳುವವರೆಗೂ ಒಳಗೆ ಬಿಡದಿರುವುದು ಆ ಕಡೆಯ ಪದ್ಧತಿ. ಕಾಶವ್ವ ತನ್ನ ಒಡಪನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಂದಿದ್ದಳು. ಹೊಸಿಲ ಬಳಿ ಹೆಂಗಸರು ದಾರಿ ಕಟ್ಟಿ ನಿಂತಾಗ ಅಡಿವೆಪ್ಪ ತುಟಿಯ ಮೇಲೆ ಬೆರಳಿಟ್ಟ. ಅವರು ಅದನ್ನು ನಾಚಿಕೆಯೆಂದು ತಿಳಿದು ನಕ್ಕರು. ಅವನು ಬೆರಳು ತೆಗೆಯಲಿಲ್ಲ. ಒಳಗೆ ಬೂದ್ಯಾ ಕಿವಿ ನಿಮಿರಿಸಿ ಕುಳಿತಿತ್ತು.

ಅಂದಿನಿಂದ ಮೂರು ವರ್ಷ ಆ ಮನೆಯಲ್ಲಿ ಮನುಷ್ಯರು ಮಾತಾಡಲಿಲ್ಲ. ಅಡಿವೆಪ್ಪ ಕಿಟಕಿಗಳ ಸಂದಿಗೆಲ್ಲ ಅಂಗಡಿಯ ಚಿಂದಿಬಟ್ಟೆ ತುರುಕಿದ. ಕಾಶವ್ವನ ಗಾಜಿನ ಬಳೆಗಳು ಒಂದಕ್ಕೊಂದು ತಾಗದಂತೆ ನಡುವೆ ಬಟ್ಟೆಯ ಪಟ್ಟಿ ಸುತ್ತಿದ. ಬಹಳ ಅಂದವಾಗಿ ಸುತ್ತಿದನೆಂದು ಸಂಗವ್ವ ಹೇಳಿದರು. ಚಿಟಿಕೆ ತೋರಿಸಿದರೆ ಉಪ್ಪು, ಅಂಗೈ ತಟ್ಟಿದರೆ ರೊಟ್ಟಿ, ಹಣೆ ಮುಟ್ಟಿಕೊಂಡರೆ ತಲೆನೋವು. ಅವನು ಕೆಟ್ಟವನಲ್ಲ, ಹೊಸ ಸೀರೆಗೆ ಕುಪ್ಪಸ ಹೊಲಿಯುವಾಗ ಅವಳ ಕಣ್ಣಿಗೆ ಒಪ್ಪುವ ದಾರ ಸಿಗುವತನಕ ಅರ್ಧ ಬಜಾರು ತಿರುಗುತ್ತಿದ್ದ. ಆದರೆ ಆ ಮನೆಯೊಳಗೆ ಅವಳ ಹೆಸರು ಒಮ್ಮೆಯೂ ಅವನ ಬಾಯಿಂದ ಬಂದಿರಲಿಲ್ಲ.

ಮಧ್ಯಾಹ್ನ ಅವನು ಅಂಗಡಿಯಲ್ಲಿರುವಾಗ ಬೂದ್ಯಾ ಮಲಗುತ್ತಿತ್ತು. ಕಾಶವ್ವ ಒಬ್ಬಳೇ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು. "ಉಪ್ಪು ಮಡಕಿಯೊಳಗ ಇಲ್ಲ, ಗೂಡಿನ್ಯಾಗ ಐತಿ" ಎಂದು ನೀಲವ್ವ ಹೇಳುವಳು. "ಅಂಗಿ ಒಳಗ ತಗೊಳ್ರಿ, ಮಳಿ ಬಂತು." "ಒಂದ ರೊಟ್ಟಿ ಹೆಚ್ಚಿಗಿ ತಿಂದ್ರ ಹೊಟ್ಟಿ ಏನ ಹರಿಯೂದಿಲ್ಲ ತಿನ್ರಿ." ನಡುವೆ ಒಂದು ನಗು. ಆ ಮನೆಯಲ್ಲಿ ಉಪ್ಪು ಎಲ್ಲಿದೆ, ಯಾವ ತೊಲೆಯ ಬಳಿ ಸೋರುತ್ತದೆ, ಗಂಡನಿಗೆ ಯಾವ ಪಲ್ಯ ಸೇರುವುದಿಲ್ಲ ಎಂಬುದನ್ನೆಲ್ಲ ಕಾಶವ್ವನಿಗೆ ಹೇಳಿಕೊಟ್ಟವಳು ಆ ಸತ್ತ ಹೆಂಗಸೇ.

ಸಂಗವ್ವನ ಮಗಳ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ಸಂಗವ್ವ ಅಡಿವೆಪ್ಪನನ್ನು ಓಣಿಯ ತುದಿಯಲ್ಲಿ ತಡೆದು ನಿಲ್ಲಿಸಿದರು.

"ನೋಡಣ್ಣಾ, ನಾಳಿ ಬ್ಯಾಂಡ ಬರತೈತಿ. ನಿನ್ನ ನಾಯಿ ಸಲುವಾಗಿ ಅವರೇನು ಕಹಳಿಯೊಳಗ ಹತ್ತಿ ತುರಕ್ಕೊಂಡು ಊದೂದಿಲ್ಲ. ಆಮ್ಯಾಲ ನಿನ್ನ ಬೂದ್ಯಾ ವರ್ಷಾನುಗಟ್ಲೆ ಪೀಂ ಪೀಂ ಅಂದ್ರ ನನ್ನ ಬೈಬ್ಯಾಡ."

"ಮತ್ತೇನ ಮಾಡ್ಲೆವ್ವಾ?"

"ದ್ಯಾಮವ್ವನ ಹಗಲುಮನಿಗೆ ಬಿಡು. ಊರಾಗ ಎಲ್ಲಾರೂ ಬಿಡ್ತಾರ. ನೀ ಒಬ್ಬಾವ ಅದಕ್ಕ ಜೋಗುಳ ಹಾಡ್ಕೊಂತ ಕುಂತೀ."

ದ್ಯಾಮವ್ವ ಹತ್ತಿ ಹಿಂಜುವ ಹಳೆಯ ಗಿರಣಿಯಲ್ಲಿ ಹಗಲುಮನೆ ನಡೆಸುತ್ತಿದ್ದಳು. ನಾಯಿಯ ಕಿವಿಗೆ ಬೀಳಬಾರದ ಮಾತು ಮನೆಯಲ್ಲಿ ನಡೆಯುವ ದಿನ, ಅಂದರೆ ಪಾಲು ಹಂಚುವಾಗ, ನೆಂಟಸ್ತಿಕೆ ಬೇಡವೆನ್ನುವಾಗ, ಜನ ಬೆಳಿಗ್ಗೆ ನಾಯಿಯನ್ನು ತಂದು ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಗಿರಣಿಯ ಗೋಡೆಗುಂಟ ಅರಳೆಯ ಮೂಟೆಗಳನ್ನು ಒಟ್ಟಿದ್ದರಿಂದ ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ನಾಯಿಗಳಿಗೆಂದು ಮೂಟೆಗಳನ್ನೇ ಅಡ್ಡ ಇಟ್ಟು ಬೇರೆಬೇರೆ ಗೂಡು ಮಾಡಿದ್ದಳು. ಬಾಯಿ ತಪ್ಪಿಯೂ ಮಾತು ಹೊರಡಬಾರದೆಂದು ಬೆಳಗಿನಿಂದ ಸಂಜೆಯವರೆಗೆ ಬಾಯಿತುಂಬ ಎಲೆಯಡಿಕೆ ತುಂಬಿಕೊಂಡಿರುತ್ತಿದ್ದಳು.

ಮದುವೆಯ ದಿನ ಬೆಳಿಗ್ಗೆ ಅಡಿವೆಪ್ಪ, ಕಾಶವ್ವ ಇಬ್ಬರೂ ಬೂದ್ಯಾನನ್ನು ಕರೆದುಕೊಂಡು ಹೋದರು. ಅಡಿವೆಪ್ಪನ ಕಂಕುಳಲ್ಲಿ ಬೂದ್ಯಾ ಮಲಗುವ ಕೌದಿ; ಕಾಶವ್ವನ ಕೈಯಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಡಬ್ಬಿ. ದ್ಯಾಮವ್ವ ಇನ್ನೂ ಎಲೆಗೆ ಸುಣ್ಣ ಸವರುತ್ತ ಬಾಗಿಲ ಹೊರಗೆ ಕುಳಿತಿದ್ದಳು. ಮಾತು ಕಿವಿಗೆ ಬೀಳದಷ್ಟು ದೂರದ ಮರಕ್ಕೆ ಬೂದ್ಯಾನನ್ನು ಕಟ್ಟಿ ಇಬ್ಬರೂ ಅವಳ ಬಳಿ ಬಂದರು.

"ಕೇಳೂದೆಲ್ಲ ಈಗ ಕೇಳಿಬಿಡ್ರಿ. ಎಲಿ ಹಾಕ್ಕೊಂಡ್ನೆಂದ್ರ ನಾನೂ ಒಂದ, ಈ ಕಂಬಾನೂ ಒಂದ."

"ಬಿಸಿಲಿಗೆ ಕಟ್ಟಬ್ಯಾಡವಾ. ರೊಟ್ಟಿ ಎರಡ ಸಲ ಹಾಕು. ಕೌದಿ ಇಲ್ಲಂದ್ರ ಮಲಗೂದಿಲ್ಲ," ಎಂದ ಅಡಿವೆಪ್ಪ.

"ಹಾಲಹಲ್ಲು ಬಿದ್ದಾವೇನು, ಇನ್ನೂ ಅದಾವೋ?"

"ಚಾಷ್ಟಿ ಬ್ಯಾಡವಾ. ನೀ ಮಾತಾಡೂದಿಲ್ಲ ಹೌದಿಲ್ಲೋ?"

"ಅಣ್ಣಾ, ನನ್ನ ಗಂಡ ಹೊಳಿದಂಡಿಗೆ ಓಡಿಹೋಗತೀನಿ ಅಂದಾಗನೂ ಈ ಬಾಯಿ ತೆರದಿಲ್ಲ ನಾ. ಅವ ಹೋಗೇಬಿಟ್ಟ. ನಿನ್ನ ನಾಯಿ ಮುಂದ ತೆರೀತೀನೇನು?" ಎಂದು ದ್ಯಾಮವ್ವ ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡಳು. ಅಲ್ಲಿಗೆ ಸಂಭಾಷಣೆ ಮುಗಿಯಿತು.

ಬಿಚ್ಚಿ ತಂದಾಗ ಬೂದ್ಯಾ ಗಿರಣಿಯ ಬಾಗಿಲಲ್ಲಿ ನಾಲ್ಕೂ ಕಾಲು ಊರಿ ನಿಂತಿತು. ಕಾಶವ್ವ ಹಿಂದಿನಿಂದ ಮೆತ್ತಗೆ ತಳ್ಳಿದಳು. ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಸಣ್ಣದಾದ ಒಂದು ಕುಂಯ್‌ಗುಟ್ಟುವಿಕೆ ಕೇಳಿಸಿತು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತು, ಒಬ್ಬರ ಮುಖವನ್ನೊಬ್ಬರು ನೋಡದೆ ಹೊರಟರು.

ಮನೆಗೆ ಬಂದಾಗ ಬ್ಯಾಂಡು ಓಣಿ ದಾಟಿ ಗುಡಿಯ ಕಡೆ ಹೋಗಿತ್ತು. ಮನೆ ಖಾಲಿಯಾಗಿತ್ತು. ಅಡಿವೆಪ್ಪ ಅಂದು ಅಂಗಡಿ ತೆರೆದಿರಲಿಲ್ಲ. ಅವನು ಗೋಡೆಗೊರಗಿ ಕುಳಿತ, ಎದ್ದ, ಕೌದಿ ಇರುತ್ತಿದ್ದ ಮೂಲೆಯನ್ನು ನೋಡಿ ಮತ್ತೆ ಕುಳಿತ. ಕಾಶವ್ವ ಒಲೆ ಹೊತ್ತಿಸಿ ಖಾರ ಕುಟ್ಟಲು ತೊಡಗಿ, ತನಗೇ ತಿಳಿಯದಂತೆ ಗುನುಗಿದಳು. ಅಡಿವೆಪ್ಪ ಧಡಕ್ಕನೆ ಎದ್ದು ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟ.

ಅವಳು ಒನಕೆ ಕೆಳಗಿಟ್ಟಳು. ಗೂಡಿನಿಂದ ಊಟದ ಹಿತ್ತಾಳೆಯ ಗಂಗಾಳವನ್ನು ತೆಗೆದು, ಅವನನ್ನೇ ನೋಡುತ್ತ, ಕಲ್ಲುನೆಲದ ಮೇಲೆ ಬಿಟ್ಟಳು. ಅದು ಉರುಳಿ, ಸುತ್ತಿ, ಬಹಳ ಹೊತ್ತು ನಾದಗೈದು ನಿಂತಿತು.

"ಇಲ್ಲರೀ ಅದು. ಇಲ್ಲ. ಬೆರಳ ತಗೀರಿ," ಎಂದಳು.

ಮನೆಯೊಳಗೆ ಅವಳ ದನಿಯನ್ನು ಅವನು ಕೇಳಿದ್ದು ಅದೇ ಮೊದಲು. ಸಂತೆಯಲ್ಲಿ, ಹೊಳೆಯ ದಾರಿಯಲ್ಲಿ ಕೇಳಿದ್ದ. ಆದರೆ ಅಲ್ಲಿ ಅದು ಹಲವು ದನಿಗಳಲ್ಲಿ ಒಂದಾಗಿತ್ತು. ಇಲ್ಲಿ ಅದು ತೊಲೆಗಳಿಗೆ ತಾಗಿ ಹಿಂದಿರುಗಿತು.

"ಗಂಗಾಳ ಸೊಟ್ಟ ಆತು," ಎಂದ.

"ಆಗಲಿ. ಮೂರು ವರ್ಷ ನಾಯಿ ಮನಿಗೆ ಬಂದ ಬೀಗ್ತಿ ಇದ್ದಂಗ ಇದ್ದೀನಿ. ಒಂದ ಗಂಗಾಳ ಸೊಟ್ಟ ಮಾಡಾಕ ಹಕ್ಕಿಲ್ಲೇನು?"

"ನಾ ನಿನಗೇನ ಕಡಿಮಿ ಮಾಡೀನಿ?"

"ಮಾತ. ಮಾತ ಕಡಿಮಿ ಮಾಡೀರಿ."

ಅಡಿವೆಪ್ಪನಿಗೆ ಸಿಟ್ಟು ಬಂತು. "ಅಕಿ ಸತ್ತ ಮ್ಯಾಲ ಉಳದಿದ್ದು ಅಷ್ಟ," ಎಂದ. "ಕಾಯಿಪಲ್ಲೆ ಮಾರಾವ ಒಮ್ಮೆ ಕಿಟಕ್ಯಾಗ ಕೂಗಿದ್ದಕ್ಕ ಅಕಿ ಒಂದ ಮಾತ ಹೋತು. ಯಾವ ಮಾತ ಹೋತು ಅನ್ನೂದ ಸುದ್ದಾ ನನಗ ನೆನಪಿಲ್ಲ. ನೆನಪಿಲ್ಲ ಅನ್ನೂದ ಕುಂತಲ್ಲೆ ನಿಂತಲ್ಲೆ ಕೊರೀತೈತಿ. ನಿನಗ ಅದು ತಿಳಿಯೂದಿಲ್ಲ."

"ನನಗ ತಿಳಿಯೂದಿಲ್ಲ?" ಕಾಶವ್ವ ಅವನೆದುರು ಕುಳಿತಳು. "ನೀವು ಅಂಗಡಿಗೆ ಹೋದ ಮ್ಯಾಲ ದಿನಾ ಮಧ್ಯಾಹ್ನ ಅಕಿ ಮುಂದ ಕುಂದರಾಕಿ ಯಾರು? ನೀವು ಸಂಜಿ ಬರತೀರಿ, ಅರ್ಧ ತಾಸು ಕೇಳತೀರಿ. ನಾ ಮೂರು ವರ್ಷ ಕೇಳೀನಿ. ನನ್ನ ಅವ್ವ ನಾ ಸಣ್ಣಾಕಿ ಇದ್ದಾಗ ಸತ್ಲು, ಅಕ್ಕತಂಗಿ ಇಲ್ಲ. ಹೆಂಗ ಬಾಳೂದು ಅಂತ ನನಗ ಹೇಳಿದಾಕಿ ಅಕಿ ಒಬ್ಬಾಕಿ. ಈಗ ಅಕಿ ದನಿ ಇಲ್ಲದ ಈ ಮನಿ ಭಣ ಭಣ ಅನ್ನಾಕತ್ತೈತಿ, ನನಗೂ."

ಎದುರುಮನೆಯ ಚಪ್ಪರದಿಂದ ಹೆಂಗಸರ ಗದ್ದಲ ಬಂತು. ಮದುಮಗನನ್ನು ತಡೆದು ಒಡಪು ಹೇಳಿಸುತ್ತಿದ್ದರು. ಅವನು ಎರಡು ಸಲ ತೊದಲಿದ, ಎಲ್ಲರೂ ನಕ್ಕರು, ಮೂರನೆಯ ಸಲಕ್ಕೆ ಹೆಸರು ಹೊರಬಂತು. ಕಾಶವ್ವ ಅದನ್ನು ಕೇಳುತ್ತ ಕುಳಿತಿದ್ದಳು. ಬಳಿಕ ಎದ್ದು, ಸೆರಗು ಹೊದ್ದುಕೊಂಡು, ಮನೆಯ ಹೊರಗೆ ಹೋಗಿ ಹೊಸಿಲಾಚೆ ನಿಂತಳು.

"ಬರ್ರಿ ಇಲ್ಲಿ. ನಂದೊಂದು ಉಳದೈತಿ."

"ಈಗೇನ, ಮೂರು ವರ್ಷದ ಮ್ಯಾಲ?"

"ಸಂಜಿಗೆ ನಾಯಿ ಬರತೈತಿ. ಆಮ್ಯಾಲ ಯಾವಾಗ ಹೇಳತೀರಿ?"

ಅವನು ಬಂದು ಅವಳ ಪಕ್ಕ ನಿಂತ. ಗಂಟಲು ಸರಿಮಾಡಿಕೊಂಡ. ನೆಲ ನೋಡುತ್ತ ಹೇಳತೊಡಗಿದ: "ಹಿತ್ತಲಾಗ ಮಲ್ಲಿಗಿ ಬಳ್ಳಿ, ಅಂಗಳದಾಗ ರಂಗೋಲಿ ಎಳಿ, ಅಡಿವೆಪ್ಪನ ಮನಿ ಬೆಳಗಾಕ ಬಂದಾಕಿ..." ಅಲ್ಲಿಗೆ ನಿಂತುಬಿಟ್ಟ. ಅದು ಹಳೆಯ ಒಡಪು. ಹದಿನಾರು ವರ್ಷದ ಹಿಂದೆ ಅದೇ ಹೊಸಿಲಲ್ಲಿ ಹೇಳಿದ್ದು. ಬಾಯಿ ತಾನಾಗಿಯೇ ಅದನ್ನು ಹಿಡಿದಿತ್ತು.

ಕಾಶವ್ವ ಮೆತ್ತಗೆ, "ನೀಲವ್ವ ಅನ್ರಿ. ಅಕಿ ಒಡಪ ಅದು, ಅರ್ಧಕ್ಕ ನಿಲ್ಲಸಬ್ಯಾಡ್ರಿ," ಎಂದಳು.

"ನೀಲವ್ವ," ಎಂದ ಅಡಿವೆಪ್ಪ. ಆ ಹೆಸರನ್ನೂ ಅವನು ನಾಲ್ಕು ವರ್ಷಗಳಿಂದ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿ, ಹೊಸಿಲ ಮೇಲೆ ಕುಳಿತು ಅತ್ತ. ಎದುರುಮನೆಯ ಅಟ್ಟದಿಂದ ಅಕ್ಕಿ ತರಲು ಹೋಗಿದ್ದ ಸಂಗವ್ವ ಇದನ್ನು ಬೆಳಕಿಂಡಿಯಿಂದ ಕಂಡರು. ದರ್ಜಿಯ ಹೆಗಲ ಮೇಲೆ ಕಾಶವ್ವ ಕೈಯಿಟ್ಟಿರಲಿಲ್ಲ, ಪಕ್ಕದಲ್ಲಿ ಕುಳಿತಿದ್ದಳಷ್ಟೆ ಎಂದು ಒತ್ತಿ ಹೇಳಿದರು. ಇನ್ನೊಬ್ಬ ಹೇಳುಗರು ನನಗೆ ಕೊಟ್ಟ ಪಾಠದಲ್ಲಿ ಕೈಯಿಟ್ಟಳೆಂದಿದೆ. ಕಂಡವರ ಮಾತನ್ನೇ ನಾನು ಉಳಿಸಿಕೊಂಡಿದ್ದೇನೆ.

ಬಹಳ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡು ಎದ್ದು ನಿಂತ. "ತಡಿ. ಕವಿ ಅಲ್ಲ ನಾ, ದರ್ಜಿ," ಎಂದ. ಮತ್ತೆ ಹೇಳಿದ: "ಸೂಜಿಗೊಂದು ದಾರ ಬೇಕು, ಗುಂಡಿಗೊಂದು ಕಾಜಾ ಬೇಕು, ದುಡದು ಬಂದ ದಣಿವಿಗೆ ಕಾಶವ್ವನ ಮಾತು ಬೇಕು."

ಅವಳು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಬಂದಿದ್ದ ಒಡಪು ಎಂದೋ ಮರೆತುಹೋಗಿತ್ತು. ನಿಂತ ನಿಲುವಿನಲ್ಲೇ ಹೊಸದು ಕಟ್ಟಿದಳು: "ಮೂರು ವರ್ಷ ಮುಚ್ಚಿದ ಬಾಯಿ ಇವತ್ತ ತೆರದೀನಿ, ಅಡಿವೆಪ್ಪನ ಹೆಸರ ಹೇಳಿ ಹೊಸಲಾ ದಾಟತೀನಿ." ಇಬ್ಬರೂ ಬಲಗಾಲಿಟ್ಟು ಒಳಗೆ ಬಂದರು.

ಅಂದು ಉಳಿದ ಹೊತ್ತನ್ನು ಅವರು ಹೇಗೆ ಕಳೆದರೆಂದು ಕಾಶವ್ವ ಎಷ್ಟು ಕೇಳಿದರೂ ಪೂರ್ತಿ ಹೇಳಲಿಲ್ಲವಂತೆ. ಖಾರ ಕುಟ್ಟಿದೆ, ಅವರು ಹೇಳುತ್ತಿದ್ದರು, ನಾನು ಹೇಳುತ್ತಿದ್ದೆ ಎಂದಷ್ಟೇ. ಅವನಿಗೆ ಚಿಕ್ಕಂದಿನಲ್ಲಿ ಈಜು ಬರುತ್ತಿರಲಿಲ್ಲವೆಂಬುದು ಅವಳಿಗೆ ತಿಳಿಯಿತು. ಅವಳು ಹುಣಸೆಚಿಗುರನ್ನು ಕಂಡರೆ ಆಸೆಪಡುತ್ತಾಳೆಂಬುದು ಅವನಿಗೆ ತಿಳಿಯಿತು. ಮೂರು ವರ್ಷ ಚಿಟಿಕೆ, ಅಂಗೈಗಳಲ್ಲಿ ಹೇಳಲಾಗದ ಸಂಗತಿಗಳು ಅವು. ಬಿಸಿಲು ಗೋಡೆ ಏರಿದಂತೆಲ್ಲ ಅವರ ಮಾತು ಅವಸರವಾಯಿತು. ನಾಯಿಯನ್ನು ಕರೆತರುವ ಹೊತ್ತಾದಾಗ ಇಬ್ಬರೂ ಏಳಲಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಎದ್ದರು.

ಹಗಲುಮನೆಯ ಬಾಗಿಲಲ್ಲಿ ದ್ಯಾಮವ್ವ ಬಾಯಿ ಮುಕ್ಕಳಿಸಿ ಹಸನ್ಮುಖಿಯಾಗಿ ನಿಂತಿದ್ದಳು. ಬೂದ್ಯಾ ಬಾಲ ಅಲ್ಲಾಡಿಸುತ್ತ ಹೊರಗೆ ಓಡಿಬಂದು, ಇಬ್ಬರನ್ನೂ ಮೂಸಿ, ದೂರದ ಆ ಮರದ ಕಡೆ ಓಡಿತು. ಮೈತುಂಬ ಅರಳೆ ಮೆತ್ತಿಕೊಂಡಿತ್ತು.

"ಬೆಳಿಗ್ಗೆ ಭಾಳ ಅಂಜಿತ್ತರಿ. ರೊಟ್ಟಿ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಪಾಪ ಅನಿಸ್ತು. ಮೊದಲನೇ ದಿನಾ ಒಂದನ್ನ ಕಟ್ಟಿ ಹಾಕಬಾರದು ಅಂತ ಅದರ ಗೂಡಿಂದ ಬಿಟ್ಟು, ಉಳದ ಆರು ನಾಯಿ ಅದಾವಲ್ಲ, ಅವುಗಳ ನಡುವ ಬಿಟ್ಟೆ. ಆಮ್ಯಾಲ ನೋಡ್ರಿ, ಕೂಸಿನಂಗ ಆಡಿತು. ನಾ ಮಾತ್ರ ಒಂದ ಅಕ್ಷರ ಮಾತಾಡಿಲ್ಲ, ಆಣಿ ಮಾಡಿ ಹೇಳತೀನಿ."

"ಮಧ್ಯಾಹ್ನ ಮಲಗಿತ್ತೇನು?" ಎಂದು ಕಾಶವ್ವ ಕೇಳಿದಳು.

"ಎಲ್ಲಾ ಒಂದ ಕಡೆ ಮಲಗಿದ್ವು, ಪಾಳಿ ಹಚ್ಚಿ. ಒಂದು ಮಲಗಿ ಆಡಿದ್ರ ಉಳದವು ಎದ್ದು ಕುಂತು ಕೇಳೂದು. ನಿಮ್ಮದು ಎಷ್ಟ ಚಂದ ಮಾತಾಡ್ತರಿ, ಆರೂ ಅದರ ಸುತ್ತ ಕಿವಿ ನೆಟ್ಟಗ ಮಾಡಿಕೊಂಡು ಕುಂತಿದ್ವು. ಅವು ಆಡುವಾಗ ಇದೂ ಹಂಗ ಕುಂತಿತ್ತು."

ಅಡಿವೆಪ್ಪ ಕೌದಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದವನು ಹಾಗೆಯೇ ನಿಂತ. ಊರವರ ಸದ್ದಿಗೆ ಕಿಟಕಿ ಮುಚ್ಚಿದ್ದ, ಬಳೆಗೆ ಬಟ್ಟೆ ಸುತ್ತಿದ್ದ, ದ್ಯಾಮವ್ವ ಮಾತಾಡುವುದಿಲ್ಲ ತಾನೇ ಎಂದು ಕೇಳಿದ್ದ. ನಾಯಿಗಳ ಬಾಯಿಯ ಬಗ್ಗೆ ಅವನು ಯೋಚಿಸಿರಲಿಲ್ಲ. ಮೂರು ವರ್ಷ ಒಂದೇ ನಾಯಿಯೊಂದಿಗೆ ಬಾಗಿಲು ಮುಚ್ಚಿಕೊಂಡಿದ್ದವನಿಗೆ ಆಡುವ ನಾಯಿ ತನ್ನದೊಂದೇ ಎಂಬಂತಾಗಿತ್ತು. ಬೂದ್ಯಾನನ್ನು ಕರೆದುಕೊಂಡು ಹೊರಟ.

ಮನೆಗೆ ಬಂದು ಮೂಲೆಯಲ್ಲಿ ಕೌದಿ ಹಾಸಿದರು. ಬೂದ್ಯಾ ದಣಿದಿತ್ತು, ದೀಪ ಹಚ್ಚುವ ಮೊದಲೇ ಮಲಗಿತು. ಇಬ್ಬರೂ ಆಚೀಚೆ ಕುಳಿತರು, ಮಾತಿಲ್ಲದೆ, ಹಳೆಯ ಅಭ್ಯಾಸದಂತೆ. ಸ್ವಲ್ಪ ಹೊತ್ತಿಗೆ ಅದರ ಹೊಟ್ಟೆ ಏರಿಳಿದು, ತುಟಿ ಅದುರಿತು. "ಏಳು ಆರ್ಲೆ ನಲವತ್ತೆರಡು, ಏಳು ಏಳ್ಲೆ..." ಎಂದಿತು ಒಂದು ಹುಡುಗಿಯ ದನಿ. "ಆ ಹೊಲ ಅಪ್ಪ ನನಗ ಅಂತ ಬಾಯಿಬಿಟ್ಟು ಹೇಳ್ಯಾನ" ಎಂದಿತು ಯಾರದೋ ಗಡಸು ದನಿ. ಕೆಮ್ಮಿತು. ಯಾವಳೋ ಮುದುಕಿಯಾಗಿ ಕಾಲು ಒತ್ತಲು ಕರೆಯಿತು. ಅಡಿವೆಪ್ಪ ಬಗ್ಗಿ ಅದರ ಬಾಯಿಯ ಬಳಿ ಕಿವಿಯಿಟ್ಟ. ಕತ್ತಲಾಯಿತು. ಮಗ್ಗಿ ಹತ್ತರವರೆಗೆ ಹೋಗಿ ಮತ್ತೆ ಏಳಕ್ಕೆ ಬಂತು. ನೀಲವ್ವ ಬರಲಿಲ್ಲ.

ಕಾಶವ್ವನಿಗೆ ನೀಲವ್ವನ ಅಷ್ಟೂ ಮಾತು ಬಾಯಿಪಾಠವಿದ್ದವು, ಉಸಿರು ಎಲ್ಲಿ ಎಳೆಯುತ್ತಾಳೆಂಬುದು ಸಹಿತ. ಬೂದ್ಯಾ ಎದ್ದಾಗ ಅದರ ಕಿವಿಯಲ್ಲಿ ನೀಲವ್ವನಂತೆಯೇ ಹೇಳಿದ್ದರೆ ಅದು ಮಾರನೆಯ ದಿನ ಹಾಗೆಯೇ ಆಡುತ್ತಿತ್ತೋ ಏನೋ. ಹಾಗೆ ಮಾಡಲೇ ಎಂದು ಅವಳು ಕೇಳಿದಳು.

"ಬ್ಯಾಡ. ಅಕಿ ದನಿಯೊಳಗ ನಿನ್ನ ಹೂಳಿದಂಗ ಆಗತೈತಿ," ಎಂದ ಅಡಿವೆಪ್ಪ.

ಅವಳು ಎದ್ದು ದೀಪ ಹಚ್ಚಿದಳು. ಅದೇ ಬೆಳಕಿನಲ್ಲಿ ಬಳೆಗಳ ಬಟ್ಟೆಯನ್ನು ಅವನೇ ಬಿಚ್ಚಿದ.

ವಾರ ಕಳೆಯುವುದರೊಳಗೆ ಊರಿನಲ್ಲಿ ಮಾತು ಹುಟ್ಟಿತು. ಮೇಟಿಯವರ ಮನೆಯಲ್ಲಿ ಬಿಳಿಬಿಸಿಲಿನಲ್ಲಿ "ಅಂಗಿ ಒಳಗ ತಗೊಳ್ರಿ, ಮಳಿ ಬಂತು" ಎಂಬ ಕೂಗು ಕೇಳಿ ಸೊಸೆಯಂದಿರು ಹಗ್ಗದ ಬಟ್ಟೆಗಳನ್ನು ಬಾಚಿಕೊಂಡು ಓಡಿದರಂತೆ. ಕುಂಬಾರರ ಮುದುಕ, ಯಾರೋ ಹೆಣ್ಣುಮಗಳು ಒತ್ತಾಯ ಮಾಡಿದಳೆಂದು, ಒಂದು ರೊಟ್ಟಿ ಹೆಚ್ಚು ತಿಂದನಂತೆ. ಆರು ಮನೆಗಳಲ್ಲಿ ನೀಲವ್ವ ಇದ್ದಳು. ಅಡಿವೆಪ್ಪ ಹೆಗಲಿಗೆ ಅಳತೆಯ ಪಟ್ಟಿ ಹಾಕಿಕೊಂಡು ಮಧ್ಯಾಹ್ನಗಳಲ್ಲಿ ಆ ಮನೆಗಳಿಗೆ ಹೋಗತೊಡಗಿದ. ಹೋದ ಹಬ್ಬಕ್ಕೆ ಅಂಗಿ ಹೊಲಿಸಿಕೊಂಡವರ ಹೆಗಲನ್ನು ಮತ್ತೆ ಅಳೆದ. ಬೆಳೆಯದ ಮುದುಕರ ತೋಳನ್ನು ಅಳೆದ. ಮನೆಯವರಿಗೆ ತಿಳಿಯುತ್ತಿತ್ತು. ಯಾರೂ ಹೇಳುತ್ತಿರಲಿಲ್ಲ. ನಾಯಿ ಮಲಗಿದ ಕಡೆಗೇ ಮಣೆ ಹಾಕಿ ಕೂರಿಸಿ, ತಾವು ಮಾತು ನಿಲ್ಲಿಸುತ್ತಿದ್ದರು.

ಮೊದಲ ದಿನ ಅವನು ಹೋಗಲೋ ಬೇಡವೋ ಎಂದು ಪಟ್ಟಿಯನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದಾಗ ಕಾಶವ್ವನೇ ಹೇಳಿದ್ದಳು: "ಹೋಗಿ ಬರ್ರಿ. ಏನಂದ್ಲು ಅಂತ ಬಂದು ಹೇಳ್ರಿ."

ಅವನು ಬಂದು ಹೇಳುತ್ತಿದ್ದ. ಇಂದು ಉಪ್ಪಿನ ಮಾತು ಅಂದಳು, ಇಂದು ನಕ್ಕಳಷ್ಟೆ. ಕಾಶವ್ವ ರೊಟ್ಟಿ ತಟ್ಟುತ್ತ ಕೇಳುತ್ತಿದ್ದಳು, ಒಮ್ಮೊಮ್ಮೆ ತಿದ್ದುತ್ತಿದ್ದಳು. ಆದರೆ ಆ ಮನೆಗಳು ಮಾತಿನ ಮನೆಗಳು. ಅಲ್ಲಿ ಮಕ್ಕಳಿದ್ದರು, ನೆಂಟರು ಬರುತ್ತಿದ್ದರು, ದಿನಕ್ಕೊಂದು ಹೊಸ ಮಾತು ನಾಯಿಯೊಳಗೆ ಹೋಗಿ ಕೂರುತ್ತಿತ್ತು. ದೀಪಾವಳಿಯ ಹೊತ್ತಿಗೆ ಮೂರು ಮನೆ ಉಳಿದವು; ಸಂಕ್ರಾಂತಿಗೆ ಒಂದು. ಒಂದು ಸಂಜೆ ಅವನು ಕುಂಬಾರರ ಮನೆಯಿಂದ ತಡವಾಗಿ ಬಂದ. ಪಟ್ಟಿಯನ್ನು ಮೊಳೆಗೆ ತೂಗುಹಾಕಿ, ಕೈಕಾಲು ತೊಳೆದು, ಒಲೆಯ ಬಳಿ ಕುಳಿತ.

"ಏನಂದ್ಲು?" ಎಂದು ಕಾಶವ್ವ ಕೇಳಿದಳು.

"ಏನೂ ಅನ್ನಲಿಲ್ಲ," ಎಂದ. "ಸೂರ್ಯ ಮುಳುಗೂತನಕ ಕುಂತಿದ್ದೆ. ಇನ್ನ ಅನ್ನೂದಿಲ್ಲ ಕಾಣತೈತಿ."

ಕಾಶವ್ವನ ಕೈ ಹಿಟ್ಟಿನಲ್ಲಿ ನಿಂತಿತು. ಬೂದ್ಯಾ ಎಚ್ಚರವಾಗಿತ್ತು, ಇಬ್ಬರ ಮುಖವನ್ನೂ ನೋಡುತ್ತಿತ್ತು.

"ಹಂಗಾದ್ರ ಇವತ್ತ ನೀವ ಹೇಳ್ರಿ, ಬೂದ್ಯಾನೂ ಕೇಳಲಿ," ಎಂದಳು.

ಸಂಗವ್ವ ಅಲ್ಲಿಗೆ ನಿಲ್ಲಿಸಿದರು. ಕೆರೆಯ ಮೇಲಿನಿಂದ ತಣ್ಣನೆಯ ಗಾಳಿ ಬೀಸತೊಡಗಿತ್ತು. ಸಂಗವ್ವ ಮೊಣಕಾಲ ಮೇಲೆ ಕೈಯೂರಿ ಎದ್ದರು. ಕೇಳುಗರು ಒಬ್ಬೊಬ್ಬರಾಗಿ ಎದ್ದು, ಸೀರೆಯ ಧೂಳು ಕೊಡವಿ, ಪಂಚೆ ಸರಿಪಡಿಸಿಕೊಂಡು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ತಮ್ಮತಮ್ಮ ಮನೆಗಳಿಗೆ ಹೊರಟರು.